ಶಿಕ್ಷಕರ ವೇತನವೂ ಗ್ರಾಮದ ಹೊಣೆಯೂ

(ಹಿರೇಹಂದಿಗೋಳದಲ್ಲಿ ಶತಮಾನೋತ್ಸವದ ಅಂಗವಾಗಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ನೆನಪನ್ನು ಕೊಂಡಾಡುವ ಈ ಸಭೆಯಲ್ಲಿ ಪಗಾರದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಉತ್ತರ ಸರಳವಾಗಿದೆ. ನೂರು ವರ್ಷ ಹಳೆಯದಾದ ಯಾವ ದಫ್ತರವನ್ನು ತೆರೆದು ನೋಡಿದರೂ ಮೊದಲಿನ ಪುಟಗಳಲ್ಲಿ ಹೆಬ್ಬೆಟ್ಟಿನ ಗುರುತುಗಳು ತುಂಬಿರುತ್ತವೆ. ಬರುಬರುತ್ತ ಅವು ಕಡಮೆಯಾಗಿ ಸಹಿಗಳು ಕಾಣಿಸಿಕೊಳ್ಳುತ್ತವೆ. ಹೆಬ್ಬೆಟ್ಟು ಸಹಿಯಾಗುವ ಆ ಹಾದಿಯಲ್ಲಿ ಹಳ್ಳಿಯ ಕನ್ನಡ ಶಾಲೆಯ ಮಾಸ್ತರರೊಬ್ಬರು ನಿಂತಿದ್ದರು. ಅವರು ಏನು ಕಲಿಸಿದರೆಂಬುದನ್ನು ನಾವು ಆಗಾಗ ನೆನೆಯುತ್ತೇವೆ. ಅವರ ಮನೆಯ ಒಲೆ ಹೇಗೆ ಉರಿಯಿತೆಂಬುದನ್ನು ಮಾತ್ರ ಕೇಳುವವರು ವಿರಳ. ಅದನ್ನೇ ಇಂದು ಕೇಳೋಣ.

ಇಂಗ್ಲಿಷರ ಆಡಳಿತದ ಶಾಲೆಗಳು ಬರುವ ಮುನ್ನ ನಮ್ಮ ಭಾಗದ ಹಳ್ಳಿಗಳಲ್ಲಿ ಗಾವಟಿ ಶಾಲೆಗಳಿದ್ದವು. ಗುಡಿಯ ಪೌಳಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಉಸುಕು ಹರವಿ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ತಿಂಗಳ ಪಗಾರವೆಂಬುದು ಇರಲಿಲ್ಲ. ಸುಗ್ಗಿಯಲ್ಲಿ ಕಾಳುಕಡಿ, ಹಬ್ಬಕ್ಕೆ ಹಿಟ್ಟುಬೇಳೆ, ಮಹಾನವಮಿಯಲ್ಲಿ ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಪದ ಹಾಡಿಸಿದಾಗ ಬಂದ ಕಾಣಿಕೆ, ಇವೇ ಅವರ ವರಮಾನ. ಊರಿಗೆ ಮಳೆ ಬಂದರೆ ಐಗಳಿಗೆ ಊಟ. ಬರ ಬಿದ್ದರೆ ಮೊದಲು ಮುಚ್ಚುತ್ತಿದ್ದುದು ಶಾಲೆ. ಆ ವ್ಯವಸ್ಥೆಯಲ್ಲಿ ಪ್ರೀತಿಯಿತ್ತು, ಆದರೆ ಭದ್ರತೆಯಿರಲಿಲ್ಲ.

1841ರಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆನಿಂತು ಶಾಲೆಗಳನ್ನು ನಡೆಸತೊಡಗಿದರು. 1854ರ ಶಿಕ್ಷಣ ನಿರೂಪದ ತರುವಾಯ ಸರಕಾರಿ ಶಾಲೆಗಳು ಹೆಚ್ಚಿದವು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಈ ನಾಡಿನಲ್ಲಿ ಮರಾಠಿ ಶಾಲೆಗಳದೇ ಮೇಲುಗೈ. ಅಂಥ ಕಾಲದಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕೆಂದು ದುಡಿದು ಕನ್ನಡ ಶಾಲೆಗಳ ಬುನಾದಿ ಹಾಕಿದವರು ಡೆಪ್ಯುಟಿ ಚನ್ನಬಸಪ್ಪನವರು (1833-1881). ಆ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿದವರ ಸಾಲಿನಲ್ಲಿ ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರೂ (1856-1920) ಇದ್ದರು. ಹಗಲು ಕನ್ನಡ ಶಾಲೆಯ ಮಾಸ್ತರಿಕೆ ಮಾಡುತ್ತಲೇ ಅವರು ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ, ಕನ್ನಡ ರಂಗಭೂಮಿಗೆ ಹೊಸ ಹುಟ್ಟು ಕೊಟ್ಟರು. ಇದೇ ತಾಲೂಕಿನ ಹೊಂಬಳದಲ್ಲಿ 1928ರಲ್ಲಿ ಜನಿಸಿದ ಕವಿ ಚೆನ್ನವೀರ ಕಣವಿಯವರ ತಂದೆಯವರೂ ಶಾಲಾ ಶಿಕ್ಷಕರೇ. ಹಳ್ಳಿಯ ಶಾಲೆಗೆ ನಾಡು ಎಷ್ಟು ಋಣಿಯಾಗಿದೆಯೆಂಬುದಕ್ಕೆ ನಮ್ಮ ಸುತ್ತಲಿನ ಈ ಎರಡು ಹೆಸರುಗಳೇ ಸಾಕು.

1923 ಮತ್ತು 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯದೆಗಳ ಕಾಲದಲ್ಲಿ ಈ ಭಾಗದ ಪ್ರಾಥಮಿಕ ಶಾಲೆಗಳು ಸ್ಕೂಲ್ ಬೋರ್ಡುಗಳ ಕೈಯಲ್ಲಿದ್ದವು. 1956ರಲ್ಲಿ ಕನ್ನಡ ನಾಡು ಒಂದಾಯಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆ ಬಂದಿತು. ಮುಂದೆ ಪ್ರಾಥಮಿಕ ಶಿಕ್ಷಕರು ರಾಜ್ಯ ಸರಕಾರದ ನೌಕರರಾಗಿ, ವೇತನ ಆಯೋಗಗಳ ಲಾಭಕ್ಕೆ ಪಾತ್ರರಾದರು. ಇದು ಯಾರೋ ಕರುಣೆಯಿಂದ ನೀಡಿದ ದಾನವಲ್ಲ. ಸಂಘ ಕಟ್ಟಿ, ಮನವಿ ಕೊಟ್ಟು, ಮೆರವಣಿಗೆ ಹೋಗಿ ಎರಡು ಮೂರು ತಲೆಮಾರಿನ ಶಿಕ್ಷಕರು ಪಡೆದುಕೊಂಡ ಹಕ್ಕು.

ಈ ಹಕ್ಕಿನ ಫಲ ಇಂದು ಕಣ್ಣಿಗೆ ಕಾಣುತ್ತದೆ. 2023ರ ಮಾರ್ಚ್ 1ರಂದು ರಾಜ್ಯದ ಸರಕಾರಿ ನೌಕರರು ಮುಷ್ಕರ ಹೂಡಿದಾಗ ಶೇಕಡಾ 17ರ ಮಧ್ಯಂತರ ಪರಿಹಾರ ದೊರೆಯಿತು. ಏಳನೆಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಸರಕಾರಿ ನೌಕರನ ಕನಿಷ್ಠ ಮೂಲ ವೇತನ 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿತು. ಹೀಗಿರುವಾಗ ನಮ್ಮ ರೈತ ಬಂಧುಗಳು, "ಮಾಸ್ತರರ ಪಗಾರ ಸಾಕಷ್ಟಿದೆಯಲ್ಲ, ಅವರದೇನು ದುಃಖ? ನಮ್ಮ ಎರೆಹೊಲದ ಹೆಸರಿಗೂ ಕಡಲೆಗೂ ಉಳ್ಳಾಗಡ್ಡಿಗೂ ಇಂಥ ಆಯೋಗವೊಂದು ಉಂಟೇ?" ಎಂದು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಮಳೆಯನ್ನೇ ನಂಬಿದ ಮನೆಗೆ ತಿಂಗಳ ಪಗಾರವೆಂಬುದು ದೊಡ್ಡ ಭಾಗ್ಯವಾಗಿ ತೋರುವುದು ಸಹಜ. ಕಾಯಂ ಶಿಕ್ಷಕರು ಇಂದು ಮರ್ಯಾದೆಯಿಂದ ಬಾಳುವಷ್ಟು ವೇತನ ಪಡೆಯುತ್ತಿದ್ದಾರೆ. ಅದು ನ್ಯಾಯವೇ ಆಗಿದೆ. ಆದರೆ ಶಾಲೆಯಲ್ಲಿ ಪಾಠ ಹೇಳುವವರೆಲ್ಲರೂ ಕಾಯಂ ಶಿಕ್ಷಕರೇ ಎಂದು ತಿಳಿಯುವುದು ಸರಿಯಲ್ಲ. ನಾವು ಇಂದು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ.

ನಿವೃತ್ತಿ ಹೊಂದಿದ ಶಿಕ್ಷಕರ ಸ್ಥಾನವನ್ನು ಕೂಡಲೇ ತುಂಬದೆ, ಆ ಖಾಲಿ ಸ್ಥಾನಕ್ಕೆ ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ತಾತ್ಪೂರ್ತಿಕವಾಗಿ ಒಬ್ಬರನ್ನು ತೆಗೆದುಕೊಳ್ಳುವ ಪದ್ಧತಿ ಬೆಳೆದು ನಿಂತಿದೆ. 2025-26ರ ಶೈಕ್ಷಣಿಕ ವರ್ಷಕ್ಕೆ ರಾಜ್ಯದಲ್ಲಿ 51,000 ಅತಿಥಿ ಶಿಕ್ಷಕರ ನೇಮಕಕ್ಕೆ ಅನುಮತಿಯಾಯಿತು. ಪ್ರಾಥಮಿಕ ಶಾಲೆಗಳಿಗೆ 40,000, ಪ್ರೌಢಶಾಲೆಗಳಿಗೆ 11,000. ಆ ವರ್ಷದ ಆಯವ್ಯಯದಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ದೊರೆತ ಗೌರವಧನ ತಿಂಗಳಿಗೆ 12,000 ರೂಪಾಯಿ, ಪ್ರೌಢಶಾಲೆಯವರಿಗೆ 12,500.

ಈ ಅಂಕಿಗಳನ್ನು ತಾವು ಒಂದಿಷ್ಟು ತಾಳೆ ನೋಡಬೇಕು. 12,000 ರೂಪಾಯಿಗಳನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ 400 ರೂಪಾಯಿ. ಅದೇ ವರ್ಷ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಕೆರೆಯ ಹೂಳೆತ್ತುವ ಕೈಗಳಿಗೆ ಆ ಕೂಲಿ ಹೆಚ್ಚೆಂದು ನಾವು ಹೇಳುತ್ತಿಲ್ಲ; ಅದೂ ಕಡಮೆಯೇ. ಹನ್ನೆರಡನೆಯ ಇಯತ್ತೆ ಮುಗಿಸಿ, ಡಿ.ಎಡ್. ಇಲ್ಲವೆ ಬಿ.ಎಡ್. ತರಬೇತಿ ಪಡೆದು, ಮಕ್ಕಳ ಭವಿಷ್ಯವನ್ನು ಹೊತ್ತ ತರುಣ ತರುಣಿಯರ ದಿನದ ಬೆಲೆ ಅದಕ್ಕಿಂತ ಕೇವಲ 30 ರೂಪಾಯಿ ಮೇಲೆ ನಿಂತಿದೆಯೆಂಬುದು ನಮ್ಮ ದುಃಖ. ಅದರಲ್ಲಿಯೂ ಬೇಸಿಗೆ ಸೂಟಿಯಲ್ಲಿ ಈ ಗೌರವಧನವಿಲ್ಲ. ವರ್ಷದಲ್ಲಿ ಹತ್ತು ತಿಂಗಳು ದೊರೆಯಿತೆಂದರೂ ಒಟ್ಟು 1,20,000 ರೂಪಾಯಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000. ಸರಕಾರಿ ಸೇವೆಯ ಕಟ್ಟಕಡೆಯ ಹುದ್ದೆಯ ಕನಿಷ್ಠ ಮೂಲ ವೇತನದ ಅರ್ಧಕ್ಕೂ ಇದು ಬಾರದು.

ಒಂದೇ ಶಾಲೆ, ಒಂದೇ ಗಂಟೆ, ಒಂದೇ ಪಠ್ಯಪುಸ್ತಕ. ಒಂದು ಕೋಣೆಯಲ್ಲಿ ಕಾಯಂ ಶಿಕ್ಷಕರು, ಪಕ್ಕದ ಕೋಣೆಯಲ್ಲಿ ಅತಿಥಿ ಶಿಕ್ಷಕಿ. ಮಕ್ಕಳಿಗೆ ಈ ಭೇದ ಗೊತ್ತಿಲ್ಲ. ಇಬ್ಬರನ್ನೂ ಅವರು ಒಂದೇ ಗೌರವದಿಂದ ಕರೆಯುತ್ತಾರೆ. ಗೊತ್ತಿರುವುದು ಖಜಾನೆಗೆ ಮಾತ್ರ. ಅತಿಥಿಯೆಂದರೆ ನಮ್ಮ ನಾಡಿನಲ್ಲಿ ಮೊದಲು ಮಣೆ ಹಾಕಿ ಕೂರಿಸುವವರು. ಇಲ್ಲಿ ಅದೇ ಹೆಸರಿನವರಿಗೆ ಬರುವ ಜೂನ್ ತಿಂಗಳಲ್ಲಿ ಕೆಲಸ ಉಂಟೋ ಇಲ್ಲವೋ ಎಂಬುದೇ ತಿಳಿಯದು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2016ರ ಅಕ್ಟೋಬರ್ 26ರಂದು ಪಂಜಾಬ ರಾಜ್ಯದ ಮೊಕದ್ದಮೆಯೊಂದರಲ್ಲಿ ಎತ್ತಿ ಹಿಡಿದು, ಕಾಯಂ ನೌಕರರದೇ ಕೆಲಸ ಮಾಡುವ ತಾತ್ಪೂರ್ತಿಕ ನೌಕರರು ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತಕ್ಕೆ ಅರ್ಹರೆಂದು ಹೇಳಿತು. ದುಡಿಯುವವನ ಕೂಲಿ ಅವನ ಬದುಕಿಗೆ ಸಾಲುವಂತಿರಬೇಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿಯೇ ಲೋಕಕ್ಕೆ ಸಾರಿದ್ದರು. ನ್ಯಾಯಾಲಯದ ಅಳತೆಯಿಂದ ನೋಡಿದರೂ ಧರ್ಮದ ಅಳತೆಯಿಂದ ನೋಡಿದರೂ ಈ ಗೌರವಧನದಲ್ಲಿ ಗೌರವವೂ ಕಡಮೆ, ಧನವೂ ಕಡಮೆ. ಈ ಮಾತು ಸರಕಾರಕ್ಕೆ ಮಾತ್ರವಲ್ಲ, ಖಾಸಗಿ ಶಾಲೆಗಳನ್ನು ನಡೆಸುವ ನಮ್ಮ ನಿಮ್ಮೆಲ್ಲರ ಸಂಸ್ಥೆಗಳಿಗೂ ಸಲ್ಲುತ್ತದೆ.

ಇನ್ನು ಕಾಯಂ ಶಿಕ್ಷಕರ ಸ್ಥಿತಿಗೆ ಬರೋಣ. ಅವರ ಇಂದಿನ ವೇತನ ಚೆನ್ನಾಗಿದ್ದರೂ ನಾಳೆಯ ಚಿಂತೆ ಅವರನ್ನು ಬಿಟ್ಟಿಲ್ಲ. 2006ರ ಏಪ್ರಿಲ್ 1ರಂದು ಹಾಗೂ ಅನಂತರ ಸೇವೆಗೆ ಸೇರಿದವರಿಗೆ ಹಳೆಯ ನಿವೃತ್ತಿ ವೇತನದ ಭರವಸೆ ತಪ್ಪಿತು. ಹಿಂದೆ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ನಿಶ್ಚಿತವಾಗಿ ದೊರೆಯುತ್ತಿತ್ತು. ಹೊಸ ಪದ್ಧತಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ತೆಯ ಶೇಕಡಾ 10ರಷ್ಟನ್ನು ಪ್ರತಿ ತಿಂಗಳು ಮುರಿದುಕೊಂಡು, ಸರಕಾರದ ವಂತಿಗೆಯನ್ನೂ ಕೂಡಿಸಿ ಪೇಟೆಯಲ್ಲಿ ತೊಡಗಿಸಲಾಗುತ್ತದೆ. ಮುಪ್ಪಿನಲ್ಲಿ ಕೈಗೆ ಬರುವುದೆಷ್ಟೆಂದು ಮುಂಗಡವಾಗಿ ಹೇಳುವಂತಿಲ್ಲ. 2006ರ ಏಪ್ರಿಲ್‌ಗೆ ಮೊದಲು ನೇಮಕದ ಪ್ರಕಟಣೆ ಹೊರಟಿದ್ದ ಹುದ್ದೆಗಳ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಪದ್ಧತಿಯ ಬಾಗಿಲು ತೆರೆಯಿತು. ಉಳಿದವರದು ಕಾಯುವ ಪಾಡೇ ಆಯಿತು.

ಬಡ್ತಿಯ ಪ್ರಶ್ನೆಯೂ ಕಗ್ಗಂಟಾಗಿದೆ. ಒಂದರಿಂದ ಏಳನೆಯ ಇಯತ್ತೆಯ ವರೆಗೆ ಕಲಿಸಲೆಂದು ನೇಮಕಗೊಂಡು ವರ್ಷಗಟ್ಟಲೆ ಹಾಗೆಯೇ ಕಲಿಸಿದವರನ್ನು, ಪದವಿ ಪಡೆದವರನ್ನು ಕೂಡ, 2017ರ ವೃಂದ ಮತ್ತು ನೇಮಕಾತಿ ನಿಯಮಗಳ ತರುವಾಯ ಒಂದರಿಂದ ಐದನೆಯ ಇಯತ್ತೆಯ ಶಿಕ್ಷಕರೆಂದು ಎಣಿಸಲಾಯಿತು. ಹೊಸ ನಿಯಮವನ್ನು ಹಿಂದೆ ನೇಮಕಗೊಂಡವರಿಗೆ ಹಚ್ಚಬಾರದೆಂದು ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದವರು 2024ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ನಡೆಸಿದ್ದು ಇದೇ ಕಾರಣದಿಂದ. ಇಪ್ಪತ್ತು ವರ್ಷ ನಡೆದ ದಾರಿಯನ್ನು ಒಂದು ಕಾಗದದಿಂದ ಮೊಟಕುಗೊಳಿಸಿದರೆ ಯಾರಿಗಾದರೂ ನೋವಾಗದೆ ಇರದು.

ವೇತನದಷ್ಟೇ ಮಹತ್ವದ ಇನ್ನೊಂದು ಸಂಗತಿ ಶಿಕ್ಷಕರ ವೇಳೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯದೆಯು ಈ ವೇಳೆಯನ್ನು ಲೆಕ್ಕಹಾಕಿ ಬರೆದಿಟ್ಟಿದೆ. ಒಂದರಿಂದ ಐದನೆಯ ಇಯತ್ತೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಪಾಠದ ಸಿದ್ಧತೆಯೂ ಸೇರಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆಗಳ ಕೆಲಸ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯದೆಯ 27ನೆಯ ಕಲಮು ಹೇಳುತ್ತದೆ.

ನಡೆಯುತ್ತಿರುವುದು ಬೇರೆಯೇ. ಮತದಾರರ ಪಟ್ಟಿಯನ್ನು ತಿದ್ದುವವರಲ್ಲಿ ಶಿಕ್ಷಕರಿದ್ದಾರೆ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಗಣಕಯಂತ್ರಕ್ಕೆ ತುಂಬಬೇಕಾದ ಮಾಹಿತಿ, ಇವೆಲ್ಲ ಮುಖ್ಯೋಪಾಧ್ಯಾಯರ ತಲೆಯ ಮೇಲೆ. ಮಕ್ಕಳಿಗೆ ತತ್ತಿ ಕೊಡುವ ಯೋಜನೆಯನ್ನೇ ನೋಡಿರಿ. ಹಸಿದ ಮಗುವಿಗೆ ತತ್ತಿ ದೊರೆಯುವುದು ನಮಗೆಲ್ಲ ಸಂತೋಷದ ಮಾತು. ಆದರೆ ಕೊಳ್ಳುವ, ಬೇಯಿಸುವ, ಸುಲಿಯುವ ಖರ್ಚೆಲ್ಲ ಸೇರಿ ಒಂದಕ್ಕೆ 6 ರೂಪಾಯಿಯೆಂದು ಗೊತ್ತುಮಾಡಿದಾಗ, ಪೇಟೆಯ ಧಾರಣೆ ಏರಿದ ದಿನಗಳಲ್ಲಿ ಕೊರತೆಯನ್ನು ಮುಖ್ಯೋಪಾಧ್ಯಾಯರು ತಮ್ಮ ಕಿಸೆಯಿಂದ ತುಂಬಬೇಕಾಯಿತು. ಏರಿದ ವೇತನದಲ್ಲಿ ಒಂದು ಪಾಲು ಹೀಗೆ ಮರಳಿ ಶಾಲೆಗೇ ಸಂದಾಯವಾಗುವುದನ್ನು ಯಾವ ಆಯೋಗವೂ ಲೆಕ್ಕ ಹಿಡಿಯುವುದಿಲ್ಲ.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ. ದಸರೆಯ ಸೂಟಿ ಅವರಿಗೆ ಸೂಟಿಯಾಗಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, ಸಂಪರ್ಕ ಸಿಗದ ಓಣಿಗಳಲ್ಲಿ ಮನೆಮನೆ ತಿರುಗಿದರು. ಕೆಲಸ ಮುಗಿಯಲಿಲ್ಲವೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರ ವರೆಗೆ ವಿಸ್ತರಿಸಲಾಯಿತು. ಹಿಂದುಳಿದವರ ಸ್ಥಿತಿಗತಿಯನ್ನು ಅರಿಯುವುದು ಅವಶ್ಯವೇ. ಆದರೆ ಅದಕ್ಕಾಗಿ ಪಾಠ ಕಳೆದುಕೊಂಡವರು ಯಾರು? ಸರಕಾರಿ ಶಾಲೆಯನ್ನೇ ನಂಬಿದ ಬಡವರ ಮತ್ತು ಹಿಂದುಳಿದವರ ಮಕ್ಕಳೇ. ಆ ವೇಳೆಗೆ ಬೆಲೆ ಕಟ್ಟಿದವರು ಯಾರೂ ಇಲ್ಲ.

ಹಳ್ಳಿಗೆ ಬಂದು ಹೋಗುವ ಅಕ್ಕಾವರ ಕಷ್ಟವನ್ನೂ ಹೇಳದೆ ಇರಲಾಗದು. ಹೊತ್ತಿಗೆ ಸರಿಯಾಗಿ ಬಾರದ ಬಸ್ಸು, ಬಾಡಿಗೆಗೆ ಯೋಗ್ಯವಾದ ಮನೆಯಿಲ್ಲದ ಊರು, ನೀರಿಲ್ಲದ ಶೌಚಾಲಯ ಇವುಗಳ ನಡುವೆ ಅವರು ದುಡಿಯುತ್ತಾರೆ. "ಮಾಸ್ತರರು ಊರಲ್ಲಿ ಉಳಿಯುವುದಿಲ್ಲ" ಎಂದು ದೂರುವ ನಾವು, ಉಳಿಯಲು ಊರು ಏನು ಅನುಕೂಲ ಮಾಡಿಕೊಟ್ಟಿದೆಯೆಂದೂ ಕೇಳಿಕೊಳ್ಳಬೇಕು. ವರ್ಗಾವಣೆಗಾಗಿ 2007ರಲ್ಲಿ ಒಂದು ಕಾಯದೆ, 2020ರಲ್ಲಿ ಮತ್ತೊಂದು ಕಾಯದೆ ಬಂದವು. ಕಾಯದೆ ಎಷ್ಟೇ ಬಂದರೂ ಹಳ್ಳಿಯ ಶಾಲೆಯಲ್ಲಿ ನೆಮ್ಮದಿಯಿದ್ದರೆ ಮಾತ್ರ ಶಿಕ್ಷಕರ ಮನಸ್ಸು ಅಲ್ಲಿ ನಿಲ್ಲುತ್ತದೆ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ಹಕ್ಕನ್ನು ಕೇಳುವವರ ಕೈಯಲ್ಲಿ ಕರ್ತವ್ಯದ ದಾಖಲೆ ಇರಬೇಕು. ಹೊತ್ತಿಗೆ ಸರಿಯಾಗಿ ಬರುವ, ಹಿಂದೆ ಬಿದ್ದ ಮಗುವನ್ನು ಕೈಹಿಡಿದು ಮುಂದೆ ತರುವ ಶಿಕ್ಷಕರ ಪರವಾಗಿ ಊರು ತಾನಾಗಿಯೇ ನಿಲ್ಲುತ್ತದೆ. ಇದರ ಜೊತೆಗೆ, ಪಕ್ಕದ ಕೋಣೆಯ ಅತಿಥಿ ಶಿಕ್ಷಕಿಯ ನೋವು ಕೂಡ ತಮ್ಮ ಸಂಘದ ಠರಾವಿನಲ್ಲಿ ಮೊದಲ ಸಾಲಾಗಿ ಬರಲಿ. ಗಟ್ಟಿ ಧ್ವನಿಯುಳ್ಳವರು ತಮಗಾಗಿ ಮಾತ್ರ ಕೂಗಿದರೆ ಧ್ವನಿಯಿಲ್ಲದವರು ಎಂದೆಂದಿಗೂ ಹೊರಗೇ ಉಳಿಯುತ್ತಾರೆ.

ಹಾಗಾದರೆ ಗ್ರಾಮಸ್ಥರಾದ ನಾವು ಮಾಡಬೇಕಾದುದೇನು? ವೇತನ ಕೊಡುವುದು ಸರಕಾರ, ನಮ್ಮ ಕೈಯಲ್ಲಿ ಏನಿದೆ ಎಂದು ಕೈಚೆಲ್ಲಬೇಕಾಗಿಲ್ಲ. 2001ರ ಏಪ್ರಿಲ್‌ನ ಸರಕಾರಿ ಆದೇಶದಿಂದ ಪ್ರತಿ ಶಾಲೆಗೂ ಪಾಲಕರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿದೆ. ಆ ಸಮಿತಿಯ ಸಭೆ ಬಣ್ಣ ಸುಣ್ಣದ ಚರ್ಚೆಯಲ್ಲಿಯೇ ಮುಗಿಯಬಾರದು. ನಮ್ಮ ಶಾಲೆಗೆ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು, ಖಾಲಿ ಬಿದ್ದು ಎಷ್ಟು ವರ್ಷವಾಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲಿ ಕೇಳಿ ಬರೆದಿಡಬೇಕು. 60 ಮಕ್ಕಳ ವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂದು, ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು ಶಿಕ್ಷಣ ಹಕ್ಕು ಕಾಯದೆ ಹೇಳುತ್ತದೆ. ಮಗುವಿನ ಹಕ್ಕಿಗೆ ಕುಂದು ಬಂದರೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಅದೇ ಕಾಯದೆಯ 32ನೆಯ ಕಲಮು ವಿಧಿಸಿದೆ. ಗ್ರಾಮಸಭೆಯಲ್ಲಿ ಗಟಾರು ರಸ್ತೆಗಳಿಗೆ ಠರಾವು ಮಾಡುವಂತೆ ಶಿಕ್ಷಕರ ಖಾಲಿ ಹುದ್ದೆಗೂ ಠರಾವು ಮಾಡಬೇಕು. ಪಾಠದ ದಿನಗಳಲ್ಲಿ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಒಯ್ದರೆ ಎಷ್ಟು ದಿನ ಒಯ್ದರೆಂಬುದನ್ನು ಲೆಕ್ಕ ಇಟ್ಟು ಕೇಳಬೇಕು.

ಒಂದು ಹಳ್ಳಿ ಕೂಡಿ ನಿಂತರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಳ್ಳಲು ಸಣ್ಣ ಹಿಡುವಳಿದಾರರು ತಮ್ಮ ತಮ್ಮ ಅಲ್ಪ ಶಕ್ತಿಯನ್ನು ಒಂದೆಡೆ ಸೇರಿಸಿದರು. ಆ ನೆಲದ ಮಕ್ಕಳಾದ ನಮಗೆ ಶಾಲೆಯೂ ಅಂಥದೇ ಕೂಡು ಆಸ್ತಿಯೆಂಬುದು ತಿಳಿಯಬೇಕು. ಅಲ್ಲಿ ದುಡಿಯುವವರಿಗೆ ಸಲ್ಲಬೇಕಾದುದು ಸಲ್ಲದಿದ್ದರೆ ನಷ್ಟ ಅವರೊಬ್ಬರದಲ್ಲ. ಮುಂದಿನ ಜೂನಿನ ವರೆಗೆ ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಶಿಕ್ಷಕಿ, ಇಂದು ಮೊದಲ ಇಯತ್ತೆಗೆ ಸೇರಿದ ಮಗು ಏಳನೆಯದನ್ನು ಮುಗಿಸುವ ತನಕ ಅದರ ಬೆನ್ನ ಹಿಂದೆ ಹೇಗೆ ನಿಂತಾಳು? ಆ ಮಗು ನಮ್ಮದು. ಆದ್ದರಿಂದ ಆ ಪಗಾರದ ಲೆಕ್ಕವೂ ನಮ್ಮದು.

ಈ ಗ್ರಾಮದ ಮುಂದಿನ ನೂರು ವರ್ಷಗಳ ದಫ್ತರಗಳನ್ನು ಬರೆಯುವ ಕೈಗಳು ಈಗ ಪಾಟಿಯ ಮೇಲೆ ಅಕ್ಷರ ತಿದ್ದುತ್ತಿವೆ. ಅವುಗಳನ್ನು ಹಿಡಿದು ತಿದ್ದಿಸುವ ಕೈಗೆ ನ್ಯಾಯವಾದ ವೇತನ, ಭದ್ರವಾದ ಸೇವೆ, ಪಾಠಕ್ಕೆ ಬೇಕಾದ ವೇಳೆ, ಈ ಮೂರು ದೊರೆಯುವ ವರೆಗೆ ಕೇಳುತ್ತಲೇ ಇರೋಣ.